ಅರ್ಜಿ ಬಾರದ ಪ್ರಶ್ನೆಗಳು
(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸಕ್ಕೆ ಬಂದವರು ದತ್ತಿಯ ಬಗ್ಗೆ ಎರಡು ಒಳ್ಳೆಯ ಮಾತಾಡಿ ಬೇಗ ವಿಷಯಕ್ಕೆ ಬರುವುದು ವಾಡಿಕೆ. ಇವತ್ತು ದತ್ತಿಯೇ ನನ್ನ ವಿಷಯ. ಒಬ್ಬರು ದುಡ್ಡು ಎತ್ತಿಡುತ್ತಾರೆ, ಇನ್ನೊಬ್ಬರು ಅದರಿಂದ ಓದುತ್ತಾರೆ, ಸಂಶೋಧನೆ ಮಾಡುತ್ತಾರೆ. ಇವರಿಬ್ಬರ ನಡುವೆ ಮೂರನೆಯವರೊಬ್ಬರು ಇರುತ್ತಾರೆ: ಆ ದುಡ್ಡು ಯಾರಿಗೆ, ಯಾವ ಪ್ರಶ್ನೆಗೆ ಹೋಗಬೇಕು ಎಂದು ನಿರ್ಧರಿಸುವವರು. ಸರ್ಕಾರದ ಸಂಶೋಧನಾ ಅನುದಾನದಲ್ಲಿ ಅವರನ್ನು ಕಾರ್ಯಕ್ರಮ ನಿರ್ದೇಶಕರು ಅನ್ನುತ್ತೇವೆ. ದಾನಿಯ ಹೆಸರು ಕಲ್ಲಿನ ಮೇಲಿರುತ್ತದೆ, ವಿಜ್ಞಾನಿಯ ಹೆಸರು ಪತ್ರಿಕೆಯಲ್ಲಿರುತ್ತದೆ. ಈ ಮೂರನೆಯವರ ಹೆಸರು ಕಡತದ ಟಿಪ್ಪಣಿಯಲ್ಲಿ ಒಂದು ಸಹಿಯಾಗಿ ಉಳಿಯುತ್ತದೆ, ಅಷ್ಟೇ.

ಈ ಕೆಲಸವನ್ನು ಅರ್ಥ ಮಾಡಿಕೊಳ್ಳಲು ನಾನು ಆಂಧ್ರದ ಎರಡು ಊರುಗಳನ್ನು ಆರಿಸಿಕೊಂಡಿದ್ದೇನೆ: ವಿಜಯವಾಡ ಮತ್ತು ವಿಶಾಖಪಟ್ಟಣ. ಕನ್ನಡದ ಸಭೆಯಲ್ಲಿ ಆಂಧ್ರದ ಊರುಗಳೇಕೆ ಎಂದು ಕೇಳಬಹುದು. ಆಲಮಟ್ಟಿ, ನಾರಾಯಣಪುರ ದಾಟಿದ ಕೃಷ್ಣೆ ಸಮುದ್ರ ಸೇರುವ ಮುನ್ನ ಕೊನೆಯದಾಗಿ ನಿಲ್ಲುವುದು ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಒಬ್ಬ ನಿರ್ದೇಶಕರು ಬಂದದ್ದೂ ವಿಜಯವಾಡ ಸೇರಿದ್ದ ಆಗಿನ ಕೃಷ್ಣಾ ಜಿಲ್ಲೆಯಿಂದ, ವಿಶಾಖಪಟ್ಟಣದ ದಾರಿಯಾಗಿ. ನೀರೂ ವಿದ್ಯೆಯೂ ನಮ್ಮ ನಡುವೆ ಮೊದಲಿನಿಂದ ಹರಿದಾಡಿವೆ.

ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಆರಂಭವಾದದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಹೋಯಿತು. ಹೊಸ ವಿಶ್ವವಿದ್ಯಾಲಯ, ಕೈಯಲ್ಲಿ ಕಾಸಿಲ್ಲ. ಕೊರಾಪುಟ್ ಸೀಮೆಯ ಜೈಪುರ ಸಂಸ್ಥಾನ ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ದತ್ತಿ ಕೊಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನದ ಕಾಲೇಜಿಗೆ ಮಹಾರಾಜ ವಿಕ್ರಮ ದೇವ ವರ್ಮರ ಹೆಸರು ಬಂತು. ಆ ಕಾಲದಲ್ಲಿ ಲಕ್ಷ ರೂಪಾಯಿ ದೊಡ್ಡ ಮೊತ್ತ. ಅದನ್ನು ಕಟ್ಟಡಕ್ಕೇ ಸುರಿದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಕುಲಪತಿಗಳಾಗಿದ್ದ ಸಿ.ಆರ್. ರೆಡ್ಡಿ, ಅವರ ನಂತರ 1931ರಲ್ಲಿ ಬಂದ ರಾಧಾಕೃಷ್ಣನ್, ಮನುಷ್ಯರನ್ನು ಹುಡುಕಿದರು. ಹಾಗೆ ಸಿಕ್ಕವರಲ್ಲಿ ಒಬ್ಬ ತರುಣ, ಸೂರಿ ಭಗವಂತಂ.

ಭಗವಂತಂ ಹುಟ್ಟಿದ್ದು 1909ರಲ್ಲಿ, ವಿಜಯವಾಡದ ಹತ್ತಿರದ ಆಗಿರಿಪಲ್ಲಿಯಲ್ಲಿ. ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಪಳಗಿ, ಇಪ್ಪತ್ತಮೂರರ ಆಸುಪಾಸಿನಲ್ಲಿ ವಾಲ್ತೇರಿನ ಭೌತಶಾಸ್ತ್ರ ವಿಭಾಗಕ್ಕೆ ಬಂದರು. ಯುದ್ಧ ಬಂತು. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ವಿಶ್ವವಿದ್ಯಾಲಯ ಕೆಲಕಾಲ ಗುಂಟೂರಿಗೆ ವಲಸೆ ಹೋಗಬೇಕಾಯಿತು. ಇಷ್ಟರ ನಡುವೆಯೂ ರಾಮನ್ ಪರಿಣಾಮದ ಬಗ್ಗೆ ಒಂದು, ಭೌತಶಾಸ್ತ್ರಕ್ಕೆ ಗ್ರೂಪ್ ಸಿದ್ಧಾಂತದ ಅನ್ವಯದ ಬಗ್ಗೆ ವೆಂಕಟರಾಯುಡು ಅವರೊಡನೆ ಇನ್ನೊಂದು ಗ್ರಂಥ ಆ ವಿಭಾಗದಿಂದ ಹೊರಬಂದವು. ಎರಡನ್ನೂ ಪ್ರಕಟಿಸಿದ್ದು ಆಂಧ್ರ ವಿಶ್ವವಿದ್ಯಾಲಯವೇ. ಲಕ್ಷ ರೂಪಾಯಿ ಯಾರ ಕೈಗೆ ಹೋಗಬೇಕು ಎಂದು ತಿಳಿದವರು ಅಲ್ಲಿದ್ದರು. ಆ ದತ್ತಿ ಫಲ ಕೊಟ್ಟದ್ದು ಅದರಿಂದ.

ಭಗವಂತಂ ಮುಂದೆ ಹಣ ಪಡೆಯುವ ಕಡೆಯಿಂದ ಕೊಡುವ ಕಡೆಗೆ ಬಂದರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾಗಿ, 1957ರಿಂದ ಐಐಎಸ್‌ಸಿಯ ನಿರ್ದೇಶಕರಾಗಿದ್ದವರು 1961ರಲ್ಲಿ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾದರು. ಮರುವರ್ಷ ಐಐಎಸ್‌ಸಿಯ ಹೊಣೆ ಸತೀಶ್ ಧವನ್ ಅವರಿಗೆ ಹೋಯಿತು. ಭಗವಂತಂ ಸಲಹೆಗಾರರಾದಾಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಹುಟ್ಟಿ ಇನ್ನೂ ಮೂರು ವರ್ಷ. ಅವರು ಕುರ್ಚಿಯಲ್ಲಿದ್ದ ಎಂಟು ವರ್ಷಗಳಲ್ಲಿ ದೇಶ ಎರಡು ಯುದ್ಧ ಕಂಡಿತು. ಗ್ರೂಪ್ ಸಿದ್ಧಾಂತದ ಪಂಡಿತರು ರೇಡಾರು, ಟಾರ್ಪಿಡೊ, ರಾಕೆಟ್ಟುಗಳ ಪ್ರಯೋಗಾಲಯಗಳಿಗೆ ಹಣ ಹಂಚುವ ಕೆಲಸ ಮಾಡಿದರು. 1963ರಲ್ಲಿ ಹೋಮಿ ಭಾಭಾ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿ ರಚನೆಯಾದಾಗ ವಿಕ್ರಂ ಸಾರಾಭಾಯ್, ಎ.ಎಸ್. ರಾವ್ ಅವರೊಡನೆ ಭಗವಂತಂ ಕೂಡ ಸದಸ್ಯರು. 1966ರಲ್ಲಿ ವರದಿ ಹೊರಬರುವ ಹೊತ್ತಿಗೆ ಭಾಭಾ ಇರಲಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಸ್ವಾವಲಂಬನೆಗೆ ದೇಶ ಏನೇನು ಮಾಡಬೇಕೆಂದು ಆ ವರದಿ ಹೇಳಿತು. ಅದಕ್ಕಾಗಿ ಯಾವ ಕಾಲೇಜೂ ಅರ್ಜಿ ಹಾಕಿರಲಿಲ್ಲ. ನಾಲ್ವರು ಕುಳಿತು, ಯಾರೂ ಕೇಳದ ಪ್ರಶ್ನೆಯನ್ನು ದೇಶದ ಪರವಾಗಿ ಕೇಳಿದ್ದರು.

ನನ್ನ ಮಾತಿನ ಸಾರ ಇಲ್ಲಿದೆ. ಬಂದ ಅರ್ಜಿಗಳಲ್ಲಿ ಒಳ್ಳೆಯದನ್ನು ಆರಿಸುವುದು ಕಾರ್ಯಕ್ರಮ ನಿರ್ದೇಶಕರ ಕೆಲಸದ ಸುಲಭದ ಅರ್ಧ. ಅರ್ಜಿಯೇ ಬಾರದ ಪ್ರಶ್ನೆಯನ್ನು ಹುಡುಕಿ, ಅದಕ್ಕೆ ತಕ್ಕ ಮನುಷ್ಯರನ್ನು ಕೂಡಿಸುವುದು ಕಷ್ಟದ ಅರ್ಧ. ನಮ್ಮ ವ್ಯವಸ್ಥೆ ಮೊದಲ ಅರ್ಧವನ್ನು ನಿಯಮಗಳಿಂದ ಕಟ್ಟಿಹಾಕಿದೆ, ಎರಡನೆಯದನ್ನು ಮರೆತೇಬಿಟ್ಟಿದೆ.

ಆ ಮೊದಲ ಅರ್ಧ ಹೇಗೆ ನಡೆಯುತ್ತದೆ ಎಂದು ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಇಲಾಖೆ ಪ್ರಸ್ತಾವನೆ ಕರೆಯುತ್ತದೆ. ಪ್ರಾಧ್ಯಾಪಕರು ಅರ್ಜಿ ಹಾಕುತ್ತಾರೆ. ಅದು ಹೊರಗಿನ ಇಬ್ಬರು ಮೂವರು ತಜ್ಞರ ಅಭಿಪ್ರಾಯಕ್ಕೆ ಹೋಗಿ, ಸಮಿತಿಯ ಮುಂದೆ ಬರುತ್ತದೆ. ಅರ್ಜಿದಾರರಿಗೆ ಹತ್ತು ಹದಿನೈದು ನಿಮಿಷ, ಒಂದಷ್ಟು ಸ್ಲೈಡು. ಮಂಜೂರಾದರೆ ಉಪಕರಣಕ್ಕೆ ಇಷ್ಟು, ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧಕನಿಗೆ, ಇಷ್ಟು, ಪ್ರಯಾಣಕ್ಕೆ ಇಷ್ಟು ಎಂದು ಆದೇಶ. ಆಮೇಲೆ ವರ್ಷ ವರ್ಷ ಯು.ಸಿ., ಅಂದರೆ ಖರ್ಚಿನ ಪ್ರಮಾಣಪತ್ರ. ಅದು ಸಮಯಕ್ಕೆ ಬಾರದಿದ್ದರೆ ಎರಡನೆಯ ಕಂತಿಲ್ಲ. ಕಂತು ತಡವಾದರೆ ಜೆಆರ್‌ಎಫ್ ಹುಡುಗನಿಗೆ ಸಂಬಳವಿಲ್ಲ, ಅವನು ಐಟಿ ಕಂಪನಿಗೆ ಹೋಗುತ್ತಾನೆ. ಮಾರ್ಚ್ ಬಂತೆಂದರೆ ಹಣ ವಾಪಸು ಹೋಗದಂತೆ ಅವಸರದ ಖರೀದಿ. ಈ ಮೇಜಿನ ಎರಡೂ ಬದಿಯಲ್ಲಿ ಕುಳಿತ ಅನುಭವ ನನಗಿದೆ. ಸಮಿತಿಯಲ್ಲಿ ಕುಳಿತಾಗ ಎಲ್ಲ ಅರ್ಜಿಗಳೂ ಒಂದೇ ಮುಖದವಾಗಿ ಕಾಣುತ್ತವೆ. ಆ ವರ್ಷ ಯಾವ ಮಾತು ಚಾಲ್ತಿಯಲ್ಲಿದೆಯೋ ಅದು ಎಲ್ಲರ ಶೀರ್ಷಿಕೆಯಲ್ಲಿ ಇರುತ್ತದೆ. ಒಮ್ಮೆ ನ್ಯಾನೊ, ಒಮ್ಮೆ ಐಒಟಿ, ಈಗ ಎಐ. ಅರ್ಜಿದಾರರನ್ನು ದೂರಿ ಫಲವಿಲ್ಲ, ಯಾವುದಕ್ಕೆ ದುಡ್ಡಿದೆಯೋ ಅದನ್ನೇ ಅವರು ಬರೆಯುತ್ತಾರೆ.

ಬಾರದ ಅರ್ಜಿ ಎಂದರೆ ಏನೆಂದು ನಮ್ಮ ಕಣ್ಣೆದುರಿನ ಒಂದು ಘಟನೆಯಿಂದ ನೋಡೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿಗೆ 70 ವರ್ಷ ದಾಟಿತ್ತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುತ್ತಿತ್ತು, ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದಿದ್ದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಇಳಿಸುವ ಯೋಜನೆ ಕೊಟ್ಟರು. ಸುತ್ತಲಿನ ಕಾರ್ಖಾನೆಗಳು ಹಗಲು ರಾತ್ರಿ ಕೆಲಸ ಮಾಡಿ ಉಕ್ಕಿನ ಹಲಗೆಗಳನ್ನು ತಯಾರಿಸಿದವು. ವಾರದೊಳಗೆ ನೀರು ನಿಂತಿತು.

ಇನ್ನೂ ಒಂದು ತಿಂಗಳು ಕಳೆದಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದವು. ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ ಮೀರಿ ಹರಿದಳು. ಪ್ರವಾಹದಲ್ಲಿ ತೇಲಿಬಂದ ಭಾರೀ ದೋಣಿಗಳು ಬಡಿದು ಗೇಟುಗಳ ಕೌಂಟರ್‌ವೇಟುಗಳು ಒಡೆದವು. ಅದನ್ನು ಸರಿಪಡಿಸಲು ಕರೆದದ್ದು ಯಾರನ್ನು? ಅದೇ ಕನ್ನಯ್ಯ ನಾಯ್ಡು ಅವರನ್ನು. ಎರಡು ರಾಜ್ಯ, ಎರಡು ಆಪತ್ತು, ಒಬ್ಬರೇ ಹಿರಿಯರು. ಅವರ ವಿದ್ಯೆಗೆ ನಮಸ್ಕಾರ ಸಲ್ಲಿಸಿದ ಮೇಲೆ ಕೇಳಬೇಕಾದ ಮಾತೊಂದಿದೆ: ಅವರ ಹಿಂದೆ ಯಾರಿದ್ದಾರೆ? ತುಂಗಭದ್ರೆಯ ಮಗ್ಗುಲಲ್ಲೇ ಅಣೆಕಟ್ಟಿನ ಗೇಟು ತಯಾರಿಸುವ ಸರ್ಕಾರಿ ಕಾರ್ಖಾನೆಯಿತ್ತು, ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್. 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ನಷ್ಟದ ಕಾರ್ಖಾನೆ ಮುಚ್ಚಿದ್ದು ಲೆಕ್ಕಕ್ಕೆ ಸರಿಯಿರಬಹುದು. ಅಲ್ಲಿದ್ದ ಕೈಗಳ ತಿಳಿವಳಿಕೆ ಎಲ್ಲಿ ಹೋಯಿತು ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ.

ಅಣೆಕಟ್ಟು ಸಂಶೋಧನೆಗೆ ಹಣವೇ ಇಲ್ಲ ಅನ್ನಲಾರೆ. 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. 2024ರ ಆರಂಭದಲ್ಲಿ ಐಐಎಸ್‌ಸಿಯಲ್ಲಿ ಸುಮಾರು 118 ಕೋಟಿ ರೂಪಾಯಿಯ ಅಣೆಕಟ್ಟು ಉತ್ಕೃಷ್ಟತಾ ಕೇಂದ್ರಕ್ಕೆ ಒಪ್ಪಂದವಾಯಿತು. ನಿರ್ಮಾಣ ಸಾಮಗ್ರಿ, ಅಪಾಯದ ಅಂದಾಜು ಅದರ ಕ್ಷೇತ್ರ. ಅದು ಆಗಬೇಕಾದ ಕೆಲಸವೇ. ಆದರೆ ಏಳು ದಶಕ ನೀರಲ್ಲಿ ನೆನೆದ ಚೈನಿನ ಕೊಂಡಿ ಯಾವಾಗ ಸೋಲುತ್ತದೆ, ಗೇಟನ್ನು ಬಿಚ್ಚದೆ ಅದನ್ನು ಪರೀಕ್ಷಿಸುವುದು ಹೇಗೆ, ನದಿಯಲ್ಲಿ ತೇಲಿಬರುವ ದೋಣಿಯನ್ನು ಬ್ಯಾರೇಜಿಗೆ ಮುಟ್ಟುವ ಮೊದಲು ತಡೆಯುವುದು ಹೇಗೆ? ಇಂಥವನ್ನು ಹಿಡಿದು ಯಾವ ಯುವ ಅಧ್ಯಾಪಕ ಅರ್ಜಿ ಹಾಕಿಯಾನು? ದೊಡ್ಡ ಪತ್ರಿಕೆಗಳಲ್ಲಿ ಇದು ಅಚ್ಚಾಗುವುದು ಕಷ್ಟ, ಬಡ್ತಿಯ ಅಂಕಪಟ್ಟಿಗೂ ಬಾರದು. ತುಂಗಭದ್ರೆಯ ಎಲ್ಲ 33 ಗೇಟುಗಳನ್ನು ಬದಲಿಸುವ ತೀರ್ಮಾನವೇನೋ ಆಯಿತು. ತೆಗೆದ ಹಳೆಯ ಗೇಟು ಮತ್ತು ಚೈನುಗಳು ಸಂಶೋಧಕರಿಗೆ ನಿಧಿ. ಅವನ್ನು ಗುಜರಿಗೆ ಹಾಕುವ ಮುಂಚೆ ಕತ್ತರಿಸಿ ನೋಡುವವರಿಗೆ ಹಣ ಕೊಡುವುದು ಒಬ್ಬ ನಿರ್ದೇಶಕರು ಇಂದೇ ಮಾಡಬಹುದಾದ ಕೆಲಸ.

ವಿಶಾಖಪಟ್ಟಣದಲ್ಲಿ ಈ ಮಾತಿನ ಎರಡು ಮುಖವೂ ಕಾಣುತ್ತವೆ. ಭಗವಂತಂ ಸಲಹೆಗಾರರ ಹುದ್ದೆಯಿಂದ ಇಳಿದ 1969ರಲ್ಲೇ ಅಲ್ಲಿ ಡಿಆರ್‌ಡಿಒದ ನೌಕಾ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರಯೋಗಾಲಯ ಆರಂಭವಾಯಿತು. ಹಡಗಿನ ಮಾದರಿಗಳನ್ನು ಎಳೆದು ಪರೀಕ್ಷಿಸಲು ಅಲ್ಲಿ 500 ಮೀಟರ್ ಉದ್ದದ ನೀರಿನ ತೊಟ್ಟಿ ಇದೆ. ಅಲ್ಲೇ ರೂಪುಗೊಂಡ ವರುಣಾಸ್ತ್ರ ಟಾರ್ಪಿಡೊ 2016ರಲ್ಲಿ ನೌಕಾಪಡೆಯ ಕೈಸೇರಿತು. ಟಾರ್ಪಿಡೊ ಬೇಕೆಂದು ಕೇಳುವ ನೌಕಾಪಡೆ, ಮಾಡುವ ಪ್ರಯೋಗಾಲಯ, ಪರೀಕ್ಷಿಸುವ ಸಮುದ್ರ ಒಂದೇ ಊರಿನಲ್ಲಿವೆ. ಪ್ರಶ್ನೆಗೆ ಯಜಮಾನರಿದ್ದರು, ದಶಕಗಳೇ ಹಿಡಿದರೂ ಹಣ ನಿಲ್ಲಲಿಲ್ಲ.

ಅದೇ ಊರಿನ ಇನ್ನೊಂದು ಮೂಲೆ, ಆರ್.ಆರ್. ವೆಂಕಟಾಪುರಂ. 2020ರ ಮೇ 7ರ ನಸುಕಿನಲ್ಲಿ ಅಲ್ಲಿನ ಕಾರ್ಖಾನೆಯೊಂದರ ಹಳೆಯ ಟ್ಯಾಂಕಿನಲ್ಲಿದ್ದ ಸ್ಟೈರೀನ್ ಬಿಸಿಯೇರಿ ಆವಿಯಾಗಿ ಸುತ್ತಲ ಮನೆಗಳಿಗೆ ಹರಡಿತು, 12 ಮಂದಿ ಸತ್ತರು. ಟ್ಯಾಂಕಿನ ತಾಪಮಾನ ಅಳೆಯುತ್ತಿದ್ದುದು ತಳಭಾಗದಲ್ಲಿ ಮಾತ್ರ. ಮೇಲಿನ ಪದರದಲ್ಲಿ ಕಾವು ಏರುತ್ತಿದ್ದುದು ಯಾರಿಗೂ ತಿಳಿಯಲಿಲ್ಲ. ಅಳೆಯುವ ಸಾಧನ ದೇಶದಲ್ಲಿ ಇರಲಿಲ್ಲವೇ? ಖಂಡಿತ ಇತ್ತು. ಸೆನ್ಸರುಗಳ ವಿಷಯದಲ್ಲಿ ಒಬ್ಬ ಕನ್ನಡಿಗರು ದೊಡ್ಡ ಕೆಲಸವನ್ನೇ ಮಾಡಿದ್ದರು.

ಡಾ. ವಾಸುದೇವ ಕಲ್ಕುಂಟೆ ಆತ್ರೆ ಬೆಂಗಳೂರಿನವರು, ಯುವಿಸಿಇ ಮತ್ತು ಐಐಎಸ್‌ಸಿಯಲ್ಲಿ ಓದಿದವರು. ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದವರು 1980ರಲ್ಲಿ ಕೊಚ್ಚಿಯ ನೌಕಾ ಪ್ರಯೋಗಾಲಯಕ್ಕೆ ಬಂದು ಸೋನಾರ್ ಕೆಲಸಕ್ಕೆ ಇಳಿದರು. ವಿಶ್ವವಿದ್ಯಾಲಯಗಳಿಗೆ ಹಣ ಕೊಡುವ ನೌಕಾ ಸಂಶೋಧನಾ ಮಂಡಳಿ 1996ರಲ್ಲಿ ಆರಂಭವಾದಾಗ ಅವರು ಡಿಆರ್‌ಡಿಒದ ಮುಖ್ಯ ನಿಯಂತ್ರಕರು. ನಂತರ 2000ದಿಂದ 2004ರವರೆಗೆ ಭಗವಂತಂ ಕುಳಿತಿದ್ದ ಅದೇ ಕುರ್ಚಿಯಲ್ಲಿ ಕುಳಿತರು. ಸ್ಮಾರ್ಟ್ ವಸ್ತುಗಳು ಮತ್ತು ಸೂಕ್ಷ್ಮ ಸೆನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಅವರು ಮುನ್ನಡೆಸಿದ ಬಗೆ ನಮಗೆ ಪಾಠ. ಹಲವು ಇಲಾಖೆಗಳ ಹಣ ಒಂದೆಡೆ ಸೇರಿತು. ದೊಡ್ಡ ಸಂಸ್ಥೆಗಳಿಗೆ ತಯಾರಿಕಾ ಸೌಲಭ್ಯ ಸಿಕ್ಕಿತು. ಜೊತೆಗೆ ದೇಶದ ಹಲವಾರು ಸಾಮಾನ್ಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿನ್ಯಾಸ ಕೇಂದ್ರ ತೆರೆದು ಸಾಫ್ಟ್‌ವೇರ್ ಕೊಟ್ಟರು, ತರಬೇತಿ ಕೊಟ್ಟರು. ಆ ಕಾಲೇಜುಗಳು ಆ ತಂತ್ರಜ್ಞಾನವನ್ನು ಕೇಳಿರಲಿಲ್ಲ, ಕೇಳಲು ಅವುಗಳಿಗೆ ಅದರ ಪರಿಚಯವೇ ಇರಲಿಲ್ಲ. ಪರಿಚಯ ಮಾಡಿಸಿದ್ದೇ ಕಾರ್ಯಕ್ರಮದ ಗೆಲುವು. ಇಷ್ಟಾದರೂ ದೇಶದಲ್ಲಿದ್ದ ಸೆನ್ಸರ್ ವಿದ್ಯೆ ವೆಂಕಟಾಪುರದ ಟ್ಯಾಂಕಿನ ಮೇಲಿನ ಪದರವನ್ನು ಮುಟ್ಟಲಿಲ್ಲ. ಪ್ರಯೋಗಾಲಯವನ್ನೂ ಹಳೆಯ ಕಾರ್ಖಾನೆಯನ್ನೂ ಎದುರುಬದುರು ಕೂರಿಸುವ ಕೆಲಸ ಯಾರ ಹುದ್ದೆಯ ವಿವರದಲ್ಲೂ ಇರಲಿಲ್ಲ.

ಹುಡುಕಿಕೊಂಡು ಹೋದ ನಿರ್ದೇಶಕರ ಉದಾಹರಣೆಯೂ ಅದೇ ನೆಲದಲ್ಲಿದೆ. ವಿಜಯವಾಡದಿಂದ ಕೃಷ್ಣೆ ದಾಟಿದರೆ ತೆನಾಲಿ. ಅದರ ಹತ್ತಿರದ ಯಲವರ್ರು ಗ್ರಾಮದ ಯಲವರ್ತಿ ನಾಯುಡಮ್ಮ ಚರ್ಮ ತಂತ್ರಜ್ಞರು. ಚೆನ್ನೈನ ಚರ್ಮ ಸಂಶೋಧನಾಲಯವನ್ನು ಕಟ್ಟಿ ಬೆಳೆಸಿ 1971ರಲ್ಲಿ ಸಿಎಸ್‌ಐಆರ್‌ನ ಮಹಾನಿರ್ದೇಶಕರಾದರು. ದೇಶದ ಪ್ರಯೋಗಾಲಯಗಳ ಕೀಲಿಕೈ ಹಿಡಿದ ಅವರು ಕರೀಂನಗರ ಜಿಲ್ಲೆಯನ್ನು ಆರಿಸಿಕೊಂಡು, ಅಲ್ಲಿನ ಜನರಿಗೆ ಏನು ಬೇಕೆಂದು ತಿಳಿದು ಬನ್ನಿ ಎಂದು ವಿಜ್ಞಾನಿಗಳನ್ನು ಕಳಿಸಿದರು. ಆ ಪ್ರಯೋಗದ ಎಲ್ಲ ಭಾಗವೂ ಗೆದ್ದಿತು ಅನ್ನಲಾಗದು. ಆದರೆ ಪ್ರಶ್ನೆ ಬರುವ ದಾರಿಯನ್ನು ಅದು ತಿರುಗಿಸಿತು. 1985ರ ಕನಿಷ್ಕ ವಿಮಾನ ದುರಂತದಲ್ಲಿ ನಾವು ಅವರನ್ನು ಕಳೆದುಕೊಂಡೆವು.

ಹೊರದೇಶದ ಮಾತು ಒಂದಿಷ್ಟು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಆರ್ಪಾದಲ್ಲಿ 1962ರಲ್ಲಿ ಕಂಪ್ಯೂಟರ್ ವಿಭಾಗದ ಹೊಣೆ ಹೊತ್ತ ಲಿಕ್‌ಲೈಡರ್ ಮನಃಶಾಸ್ತ್ರಜ್ಞ. ಅದೇ ಹುದ್ದೆಗೆ ಬಂದ ರಾಬರ್ಟ್ ಟೇಲರ್ 1966ರಲ್ಲಿ ಕಂಪ್ಯೂಟರುಗಳನ್ನು ಜಾಲವಾಗಿ ಬೆಸೆಯಲು ಹಣ ಕೇಳಿದಾಗ, ಮೇಲಧಿಕಾರಿ ಇಪ್ಪತ್ತು ನಿಮಿಷದ ಮಾತಿನಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟರೆಂದು ಪ್ರಸಿದ್ಧ. ಇಂಟರ್ನೆಟ್ಟಿನ ಮೂಲ ಅಲ್ಲಿದೆ. ಅಂಥ ಅಧಿಕಾರಿಗಳು ಅಲ್ಲಿ ಕೆಲವೇ ವರ್ಷದ ಅವಧಿಗೆ ಬರುತ್ತಾರೆ, ತಮ್ಮ ತಿಳಿವಳಿಕೆಯ ಮೇಲೆ ಪಣ ಕಟ್ಟಿ ಹೋಗುತ್ತಾರೆ.

ನಮ್ಮಲ್ಲಿ ಹಾಗೆ ಬಿಟ್ಟರೆ ಪಕ್ಷಪಾತಕ್ಕೆ ಬಾಗಿಲು ತೆರೆದಂತೆ ಎಂದು ನೀವು ಹೇಳಬಹುದು. ಆ ಭಯಕ್ಕೆ ಆಧಾರವಿದೆ. ಜಾತಿ, ಊರು, ಗುರುಪರಂಪರೆ ನೋಡಿ ಅನುದಾನ ಹೋಗಬಾರದೆಂದೇ ಸಮಿತಿಗಳು ಹುಟ್ಟಿದ್ದು. ಆದರೆ ಸಮಿತಿಯಲ್ಲಿ ಎಲ್ಲರೂ ಸಹಿ ಹಾಕಿದರೆ ತಪ್ಪು ಯಾರದೂ ಆಗುವುದಿಲ್ಲ. ಅಧಿಕಾರಿಗೆ ಆಡಿಟ್ ಆಕ್ಷೇಪಣೆಯ ಭಯ ಇದೆ, ಕೇಳದೆ ಬಿಟ್ಟ ಪ್ರಶ್ನೆಯ ಭಯ ಇಲ್ಲ. ತಪ್ಪು ಖರೀದಿಗೆ ಮೆಮೊ ಬರುತ್ತದೆ. ಚೈನಿನ ಕೊಂಡಿಯ ಮೇಲೆ ಸಂಶೋಧನೆ ಮಾಡಿಸಲಿಲ್ಲ ಎಂದು ಯಾರಿಗೂ ಮೆಮೊ ಬಂದಿಲ್ಲ.

ಹಣದ ಬಗ್ಗೆ ನಮ್ಮ ಹಳೆಯ ದೂರು ಈಗಲೂ ನಿಜ. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹೋಗುವುದು ಶೇ. 0.64 ಎಂದು 2020–21ರ ಲೆಕ್ಕ. ಆದರೆ ಹಣ ಬರುತ್ತಿದೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿಯ ಗುರಿ ಇದೆ. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕು. 2025ರಲ್ಲಿ ಒಂದು ಲಕ್ಷ ಕೋಟಿಯ ಇನ್ನೊಂದು ನಿಧಿಗೆ ಸಂಪುಟ ಒಪ್ಪಿತು. ಅದೇ ವರ್ಷ ಜೂನ್‌ನಲ್ಲಿ ವೈಜ್ಞಾನಿಕ ಸಂಸ್ಥೆಗಳ ಖರೀದಿ ನಿಯಮ ಸಡಿಲವಾಯಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿತು. ದುಡ್ಡೂ ಇದೆ, ದಾರಿಯೂ ಸ್ವಲ್ಪ ಸಲೀಸಾಗಿದೆ. ಇನ್ನು ಬೇಕಾದದ್ದು ಆರಿಸುವವರು.

ಆದ್ದರಿಂದ ನಾಲ್ಕು ಸಲಹೆ ಮುಂದಿಡುತ್ತೇನೆ. ಮೊದಲನೆಯದು, ಪ್ರತಿ ಎಂಜಿನಿಯರಿಂಗ್ ಅನುದಾನ ಯೋಜನೆಯಲ್ಲಿ ಹತ್ತರಲ್ಲೊಂದು ಪಾಲು ನಿರ್ದೇಶಕರೇ ಊರೂರು ತಿರುಗಿ ಬರೆದ ಪ್ರಶ್ನೆಗಳಿಗೆ ಮೀಸಲಾಗಲಿ. ಏಕೆ ಆರಿಸಿದೆ, ಯಾರಿಗೆ ಕೊಟ್ಟೆ ಎಂಬುದನ್ನು ಅವರು ತಮ್ಮ ಹೆಸರಿನಲ್ಲಿ ಪ್ರಕಟಿಸಲಿ. ಪಕ್ಷಪಾತಕ್ಕೆ ಬೆಳಕೇ ಮದ್ದು. ಎರಡನೆಯದು, ಆ ಹುದ್ದೆಯಲ್ಲಿ ಐದು ವರ್ಷ ವರ್ಗಾವಣೆ ಬೇಡ. ಮೂರನೆಯದು, ಗೇಟು ಕೂರಿಸುವ ಫಿಟ್ಟರ್, ಟ್ಯಾಂಕು ನೋಡಿಕೊಳ್ಳುವ ಆಪರೇಟರ್, ನಿವೃತ್ತ ಜೂನಿಯರ್ ಎಂಜಿನಿಯರ್ ಇವರನ್ನು ಯೋಜನೆಯಲ್ಲಿ ಸಹ ಶೋಧಕರೆಂದು ಸೇರಿಸಿ ಗೌರವಧನ ಕೊಡಲು ನಿಯಮ ಬರಲಿ. ಅವರ ವಿದ್ಯೆ ಕಾಗದದ ಮೇಲಿಲ್ಲ, ಅವರು ಹೋದರೆ ಅದೂ ಹೋಗುತ್ತದೆ. ನಾಲ್ಕನೆಯದು, ಮುಗಿದ ಯೋಜನೆಯನ್ನು ಹತ್ತು ವರ್ಷದ ಮೇಲೆ ಮತ್ತೊಮ್ಮೆ ತೆರೆದು ನೋಡಿ. ಯು.ಸಿ. ಬಂತು, ಕಡತ ಮುಚ್ಚಿತು ಎಂದಾಗಬಾರದು.

ಸಣ್ಣ ಹಣದ ಬಲ ನಮ್ಮಲ್ಲೇ ಸಾಬೀತಾಗಿದೆ. 1975ರಲ್ಲಿ ಸ್ಥಾಪನೆಯಾಗಿ ಐಐಎಸ್‌ಸಿ ಆವರಣದಲ್ಲೇ ಇರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಚಿಕ್ಕ ಮೊತ್ತ ಕೊಡುತ್ತ ಬಂದಿದೆ. ಕೆಲವೇ ಸಾವಿರ ರೂಪಾಯಿ ಇರಬಹುದು, ಆದರೆ ಬಾಗಲಕೋಟೆಯ, ಹಾಸನದ ಹುಡುಗಿಗೆ ಅದು ಜೀವನದ ಮೊದಲ ಸಂಶೋಧನಾ ಅನುದಾನ. ವಿಜಯವಾಡದ ಸುತ್ತ 1977ರ ಸಿದ್ಧಾರ್ಥ ಕಾಲೇಜಿನಿಂದ ಮೊದಲಾಗಿ ಬೆಳೆದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೂ, ನಮ್ಮ ಕೃಷ್ಣಾ ತೀರದ ಕಾಲೇಜುಗಳಿಗೂ ಒಂದೇ ನದಿ, ಒಂದೇ ಬಗೆಯ ಗೇಟು, ಒಂದೇ ಬಗೆಯ ಪ್ರವಾಹ. ಎರಡೂ ರಾಜ್ಯಗಳ ಮಂಡಳಿಗಳು ಕೂಡಿ ನೀರು ಹಂಚಿಕೆಯ ಜಗಳವನ್ನು ನ್ಯಾಯಾಧಿಕರಣಕ್ಕೆ ಬಿಟ್ಟು, ಗೇಟು ಉಳಿಸುವ ವಿದ್ಯೆಗೆ ಜಂಟಿ ಕಾರ್ಯಕ್ರಮ ಆರಂಭಿಸಬಹುದು. ಅದಕ್ಕೆ ದೊಡ್ಡ ಮೊತ್ತವೂ ಬೇಕಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಸಂಶೋಧಕರಾಗುತ್ತೀರಿ, ಕೆಲವರು ಹಣ ಕೊಡುವ ಕುರ್ಚಿಗೂ ಹೋಗುತ್ತೀರಿ. ಆ ಕುರ್ಚಿಗೆ ಹೋದವರು ವಾರಕ್ಕೊಮ್ಮೆಯಾದರೂ ಕಚೇರಿ ಬಿಟ್ಟು ಅಣೆಕಟ್ಟಿಗೆ, ಕಾರ್ಖಾನೆಗೆ, ಬಂದರಿಗೆ ಹೋಗಿ. ಅಲ್ಲಿ ಕೆಲಸ ಮಾಡುವವರನ್ನು ಯಾವುದು ಕಾಡುತ್ತಿದೆ ಎಂದು ಕೇಳಿ. ಕೇಳಿದ್ದನ್ನು ಬರೆದು, ಹಣ ಇಟ್ಟು, ಯೋಗ್ಯರನ್ನು ಕರೆದು ಕೊಡಿ. ಈ ದತ್ತಿಯನ್ನಿಟ್ಟ ಹಿರಿಯರು ಯಾರ ಅರ್ಜಿಗೂ ಕಾಯಲಿಲ್ಲ. ಸರ್ಕಾರದ ಹಣ ಹಂಚುವವರೂ ಕಾಯಬೇಕಾಗಿಲ್ಲ.